ವೈಡ್‌ಸ್ಕ್ರೀನ್‌ನಲ್ಲಿ ತೆಗೆದ ಹ್ಯಾಂಡಿಕ್ಯಾಮ್ ಟೇಪ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ

ಬೀರುವಿನಲ್ಲಿ ಮಿನಿಡಿವಿ (ಹ್ಯಾಂಡಿಕ್ಯಾಮ್‌ಗೆ ಹಾಕುವ ಪುಟ್ಟ ಡಿಜಿಟಲ್ ವಿಡಿಯೋ ಕ್ಯಾಸೆಟ್) ಟೇಪ್‌ಗಳಿದ್ದರೆ ಮುಂದಕ್ಕೆ ಹಾಕಬೇಡಿ. ಟೇಪ್ ಇನ್ನೂ ಒಂದಷ್ಟು ವರ್ಷ ಬಾಳಬಹುದು. ಅದನ್ನು ಓಡಿಸುವ ಹ್ಯಾಂಡಿಕ್ಯಾಮ್ ಬಾಳುವುದು ಅನುಮಾನ, ಯಾಕೆಂದರೆ ಅಂಥ ಟೇಪ್ ಕ್ಯಾಮೆರಾಗಳನ್ನು ಈಗ ಯಾರೂ ತಯಾರಿಸುತ್ತಿಲ್ಲ, ಹಳೆಯದು ಕೆಟ್ಟರೆ ಸ್ಪೇರ್ ಸಿಗುವುದು ಕಷ್ಟ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಹೋಗುವ ದಾರಿಯೂ ಮುಚ್ಚುತ್ತಾ ಬಂದಿದೆ. 2025ರಲ್ಲಿ ಬಂದ ಮ್ಯಾಕ್‌ಓಎಸ್ 26ರಿಂದ ಆ್ಯಪಲ್ ಈ ಕ್ಯಾಮೆರಾಗಳನ್ನು ಜೋಡಿಸುವ ಫೈರ್‌ವೈರ್ ಸಂಪರ್ಕದ ಬೆಂಬಲವನ್ನೇ ತೆಗೆದುಹಾಕಿದೆ. ವಿಂಡೋಸ್‌ನಲ್ಲಿ ಇನ್ನೂ ಆಗುತ್ತದೆ, ಆದರೆ ಸ್ವಲ್ಪ ಗುದ್ದಾಡಬೇಕು.

2000ದಿಂದ 2010ರ ಆಸುಪಾಸಿನ ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವಗಳ ಟೇಪ್ ಇರುವವರಿಗೆ, ಅದರಲ್ಲೂ ಕ್ಯಾಮೆರಾವನ್ನು 16:9ಕ್ಕೆ, ಅಂದರೆ ಅಗಲದ ಚಿತ್ರಕ್ಕೆ, ಇಟ್ಟು ತೆಗೆದವರಿಗೆ ಈ ಲೇಖನ. ಮಾಮೂಲಿ 4:3 ಟೇಪ್ ಇಳಿಸುವುದೂ ಹೀಗೇ. ವೈಡ್‌ಸ್ಕ್ರೀನ್‌ನಲ್ಲಿ ಜನ ಎಡವುವುದು ಬೇರೆ ಕಡೆ: ಟೇಪ್ ಸರಿಯಾಗಿಯೇ ಇಳಿದಿರುತ್ತದೆ, ಕಂಪ್ಯೂಟರಿನಲ್ಲಿ ನೋಡಿದರೆ ಮದುಮಗನಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಸಣಕಲಾಗಿ ಉದ್ದುದ್ದ ಕಾಣುತ್ತಾರೆ. ಆಗ ಏನೋ ಹಾಳಾಗಿದೆ ಅಂದುಕೊಂಡು ಚಿತ್ರವನ್ನು ಕತ್ತರಿಸಿ, ಎಳೆದು, ನಿಜವಾಗಿಯೂ ಹಾಳು ಮಾಡಿಬಿಡುತ್ತಾರೆ.

ಟೇಪ್‌ನಲ್ಲಿ ವೈಡ್‌ಸ್ಕ್ರೀನ್ ಹೇಗಿರುತ್ತದೆ

ಭಾರತದಲ್ಲಿ ಮಾರಿದ ಹ್ಯಾಂಡಿಕ್ಯಾಮ್‌ಗಳು ಪಾಲ್ ಅನ್ನುವ, ನಮ್ಮ ಟಿವಿಗಳ ಪದ್ಧತಿಯವು. ಪಾಲ್ ಮಿನಿಡಿವಿಯಲ್ಲಿ ಪ್ರತಿ ಫ್ರೇಮ್ ಅಡ್ಡಕ್ಕೆ 720, ಎತ್ತರಕ್ಕೆ 576 ಪಿಕ್ಸೆಲ್. ಸೆಕೆಂಡಿಗೆ 25 ಫ್ರೇಮ್. 4:3ರಲ್ಲಿ ತೆಗೆದರೂ ಇಷ್ಟೇ, 16:9ರಲ್ಲಿ ತೆಗೆದರೂ ಇಷ್ಟೇ. ಹಾಗಾದರೆ ಅಗಲದ ಚಿತ್ರ ಎಲ್ಲಿಂದ ಬಂತು? ಕ್ಯಾಮೆರಾ ಅದನ್ನು ಅಡ್ಡಕ್ಕೆ ಒತ್ತಿ ಅದೇ 720ರೊಳಗೆ ತುಂಬುತ್ತದೆ. ಜೊತೆಗೆ ‘ಇದು 16:9, ತೋರಿಸುವಾಗ ಅಗಲ ಮಾಡಿ’ ಅಂತ ಡೇಟಾದೊಳಗೆ ಒಂದು ಸಣ್ಣ ಗುರುತು ಹಾಕಿರುತ್ತದೆ. ಇದಕ್ಕೆ ವೈಡ್‌ಸ್ಕ್ರೀನ್ ಫ್ಲ್ಯಾಗ್ ಅನ್ನುತ್ತಾರೆ. ಮಡಚಿಟ್ಟ ಸೀರೆಯ ಹಾಗೆ ಇದು. ಬಿಚ್ಚಿದರೆ ಸೆರಗು, ಅಂಚು ಎಲ್ಲಾ ಇದೆ. ಪ್ಲೇಯರ್ ಆ ಗುರುತನ್ನು ಓದಿದರೆ ಬಿಚ್ಚಿ ತೋರಿಸುತ್ತದೆ, ಓದದಿದ್ದರೆ ಮಡಚಿದ್ದನ್ನೇ ತೋರಿಸುತ್ತದೆ. ಅಷ್ಟೇ ವ್ಯತ್ಯಾಸ.

ಆದ್ದರಿಂದ ಇಡೀ ಕೆಲಸಕ್ಕೆ ಒಂದೇ ನಿಯಮ ಇಟ್ಟುಕೊಳ್ಳಿ. ಟೇಪ್‌ನಲ್ಲಿ ಏನಿದೆಯೋ ಅದನ್ನು ಒಂದು ಬಿಟ್ ಕೂಡ ಬದಲಿಸದೆ ಮೊದಲು ಇಳಿಸಿಕೊಳ್ಳಿ. ಅಗಲ, ಆಕಾರ, ಎಂಪಿ4, ವಾಟ್ಸ್‌ಆ್ಯಪ್, ಇವೆಲ್ಲ ಆಮೇಲಿನ ಮಾತು.

ಇನ್ನೊಂದು ಬಗೆಯ ‘ವೈಡ್‌ಸ್ಕ್ರೀನ್’ ಕೂಡ ಇದೆ. ಕೆಲವು ಸೋನಿ ಹ್ಯಾಂಡಿಕ್ಯಾಮ್‌ಗಳ ಮೆನುವಿನಲ್ಲಿ 16:9 ಅನ್ನುವ ಕಡೆ ‘ಸಿನೆಮಾ’ ಮತ್ತು ‘16:9 ಫುಲ್’ ಅಂತ ಎರಡು ಆಯ್ಕೆ ಇರುತ್ತಿದ್ದವು. ಫುಲ್ ಅಂದರೆ ಮೇಲೆ ಹೇಳಿದ ಒತ್ತಿದ ಚಿತ್ರ. ಸಿನೆಮಾ ಅಂದರೆ ಮಾಮೂಲಿ 4:3 ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ, ಅದೂ ಟೇಪ್‌ನಲ್ಲೇ ಅಚ್ಚಾಗಿರುತ್ತದೆ. ಇದನ್ನು ಅಡ್ಡಕ್ಕೆ ಎಳೆಯಬಾರದು, ಎಳೆದರೆ ಎಲ್ಲರೂ ಕುಳ್ಳರಾಗುತ್ತಾರೆ. ಪಟ್ಟಿ ಕತ್ತರಿಸಿದರೆ ಸಾಕು.

ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ? ದುಂಡಗಿರುವ ಏನನ್ನಾದರೂ ಹುಡುಕಿ. ಗೋಡೆ ಗಡಿಯಾರ, ಬೈಕಿನ ಚಕ್ರ, ಆರತಿ ತಟ್ಟೆ. ಮದುವೆ ವಿಡಿಯೋದಲ್ಲಿ ಇದಕ್ಕೇನೂ ಬರ ಇಲ್ಲ ಬಿಡಿ. ನೇರವಾಗಿ ಎದುರಿಗಿರುವ ಗಡಿಯಾರ ಉದ್ದಕ್ಕೆ ಎಳೆದ ಹಾಗೆ ಕಂಡರೆ ಅದು ಒತ್ತಿದ 16:9. ದುಂಡಗಿದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ ಇದ್ದರೆ ಅದು ಸಿನೆಮಾ ಮೋಡ್. ದುಂಡಗಿದ್ದು ಪಟ್ಟಿಯೂ ಇಲ್ಲ, ಚಿತ್ರ ಹೆಚ್ಚುಕಡಿಮೆ ಚೌಕ ಅಂದರೆ ಸಾದಾ 4:3.

ಗುಣಮಟ್ಟದ ಬಗ್ಗೆ ಒಂದು ಮಾತು. ಮದುವೆ ಸ್ಟುಡಿಯೋಗಳಲ್ಲಿ ಓಡಿದ ಸೋನಿ ಪಿಡಿ170 ತರಹದ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಚಿಪ್ ಇರುವುದೇ 4:3. ಅದರಲ್ಲಿ 16:9 ಆನ್ ಮಾಡಿದರೆ ಚಿಪ್ಪಿನ ಮೇಲಿನ, ಕೆಳಗಿನ ಭಾಗ ಬಿಟ್ಟು ಉಳಿದಿದ್ದನ್ನು ಎಳೆದು ಬರೆಯುತ್ತದೆ. ಅಂಥ ಟೇಪ್ ಸ್ವಲ್ಪ ಮಂಕಾಗಿ ಕಂಡರೆ ನಿಮ್ಮ ಕ್ಯಾಪ್ಚರ್ (ಟೇಪ್ ಇಳಿಸುವ ಕೆಲಸ) ತಪ್ಪಲ್ಲ. ಹುಟ್ಟಿದ್ದೇ ಹಾಗೆ.

ಏನೇನು ಬೇಕು

ಮೊದಲನೆಯದು ಓಡುವ ಕ್ಯಾಮೆರಾ. ಸಾಧ್ಯವಾದರೆ ಟೇಪ್ ತೆಗೆದ ಅದೇ ಕ್ಯಾಮೆರಾ, ಅದರಲ್ಲೂ ಎಲ್‌ಪಿ ಮೋಡ್‌ನಲ್ಲಿ ತೆಗೆದಿದ್ದರೆ ಖಂಡಿತ ಅದೇ. 60 ನಿಮಿಷದ ಕ್ಯಾಸೆಟ್‌ನಲ್ಲಿ 90 ನಿಮಿಷ ತುಂಬಲು ಎಲ್‌ಪಿಯಲ್ಲಿ ಟ್ರ್ಯಾಕ್‌ಗಳನ್ನು ತೆಳ್ಳಗೆ ಬರೆಯುತ್ತಾರೆ, 10 ಮೈಕ್ರಾನ್ ಬದಲು ಸುಮಾರು 6.7 ಮೈಕ್ರಾನ್. ಬೇರೆ ಕ್ಯಾಮೆರಾದ ಹೆಡ್ (ಟೇಪ್ ಓದುವ ಭಾಗ) ಒಂದು ಕೂದಲೆಳೆ ಆಚೀಚೆ ಇದ್ದರೂ ಸರಿಯಾಗಿ ಓದುವುದಿಲ್ಲ. ನಿಮ್ಮದು ಕೆಟ್ಟಿದ್ದು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, ಕೆಲಸಕ್ಕೆ ಬಾರದ ಒಂದು ಟೇಪ್ ಜೊತೆಗೆ ತೆಗೆದುಕೊಂಡು ಹೋಗಿ, ಮಾರುವವರ ಎದುರೇ ಹಾಕಿ ಓಡಿಸಿ ನೋಡಿ. ಲೆನ್ಸ್ ಚೆನ್ನಾಗಿದೆಯಾ, ಜೂಮ್ ಎಷ್ಟು, ಅದೆಲ್ಲ ನಿಮಗೆ ಬೇಕಾಗಿಲ್ಲ. ಟೇಪ್ ಒಳಗೆ ಹೋಗಬೇಕು, ಓಡಬೇಕು, ಸಿಕ್ಕಿಕೊಳ್ಳದೆ ಹೊರಗೆ ಬರಬೇಕು, ಡಿವಿ ಪೋರ್ಟ್ ಕೆಲಸ ಮಾಡಬೇಕು.

ಎರಡನೆಯದು ಕರೆಂಟಿಗೆ ಹಾಕುವ ಅಡಾಪ್ಟರ್. ಹಳೇ ಬ್ಯಾಟರಿ ನಂಬಿ ಕೂರಬೇಡಿ.

ಮೂರನೆಯದು ಫೈರ್‌ವೈರ್. ಸೋನಿಯವರು ಇದನ್ನೇ ಐ.ಲಿಂಕ್ ಅಂದರು, ಬೇರೆಯವರು ಡಿವಿ ಅಂದರು, ಕಂಪ್ಯೂಟರಿನವರು 1394 ಅಂದರು. ಎಲ್ಲಾ ಒಂದೇ. ಕ್ಯಾಮೆರಾದ ಕಡೆ ಇರುವುದು 4 ಪಿನ್‌ನ ಪುಟ್ಟ ಪೋರ್ಟ್. ಕಂಪ್ಯೂಟರಿನ ಕಡೆ 4, 6 ಅಥವಾ 9 ಪಿನ್ ಇರಬಹುದು, ಅದನ್ನು ನೋಡಿಕೊಂಡು ಕೇಬಲ್ ಕೊಳ್ಳಿ.

ಕ್ಯಾಮೆರಾದಲ್ಲಿ ಯುಎಸ್‌ಬಿ ಪೋರ್ಟ್ ಕೂಡ ಇದೆಯಲ್ಲ, ಅದೇ ಸಾಲದೇ ಅಂತ ಎಲ್ಲರೂ ಕೇಳುತ್ತಾರೆ. ಬಹುತೇಕ ಮಿನಿಡಿವಿ ಕ್ಯಾಮೆರಾಗಳಲ್ಲಿ ಅದು ಮೆಮೊರಿ ಕಾರ್ಡಿನ ಫೋಟೋ ಇಳಿಸಲು ಇರುವುದು. ಕೆಲವಲ್ಲಿ ಯುಎಸ್‌ಬಿ ಸ್ಟ್ರೀಮ್ ಅಂತ ಇರುತ್ತದೆ, ಅದು ಪುಟ್ಟ ಗಾತ್ರದ ಮಸುಕು ವಿಡಿಯೋ ಕೊಡುತ್ತದೆ. ಟೇಪ್‌ನಲ್ಲಿರುವುದು ಹಾಗೇ ಬರಬೇಕಾದರೆ ಫೈರ್‌ವೈರ್ ಬೇಕೇ ಬೇಕು.

ಇನ್ನೊಂದು ಮೋಸ ಇದೆ, ಗಮನಿಸಿ. ಒಂದು ತುದಿಯಲ್ಲಿ ಫೈರ್‌ವೈರ್, ಇನ್ನೊಂದರಲ್ಲಿ ಯುಎಸ್‌ಬಿ ಇರುವ ಅಗ್ಗದ ಕೇಬಲ್‌ಗಳು ಆನ್‌ಲೈನ್‌ನಲ್ಲಿ ರಾಶಿ ರಾಶಿ ಸಿಗುತ್ತವೆ. ಅವು ಈ ಕೆಲಸಕ್ಕೆ ಆಗುವುದಿಲ್ಲ. ಎರಡೂ ಬೇರೆ ಬೇರೆ ಭಾಷೆ ಮಾತಾಡುವ ಪದ್ಧತಿಗಳು, ಬರೀ ತಂತಿ ಜೋಡಿಸಿದರೆ ಏನೂ ಬರುವುದಿಲ್ಲ. ರೇಟಿಂಗ್ ಎಷ್ಟೇ ನಕ್ಷತ್ರ ಇರಲಿ, ಸುಮ್ನೆ ದುಡ್ಡು ಹಾಳು.

ಹಾಗಾದರೆ ಪೋರ್ಟ್ ಎಲ್ಲಿಂದ ತರುವುದು? ಡೆಸ್ಕ್‌ಟಾಪ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವ ಫೈರ್‌ವೈರ್ ಕಾರ್ಡ್ ಸಿಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಥವಾ ವಿಐಎ ಚಿಪ್ ಇರುವುದನ್ನು ನೋಡಿ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಮಾತ್ರ ಇದ್ದರೆ ನನ್ನ ಸಲಹೆ, 4 ಪಿನ್ 1394 ಪೋರ್ಟ್ ಇರುವ ಹಳೇ ವಿಂಡೋಸ್ ಲ್ಯಾಪ್‌ಟಾಪ್ ಒಂದನ್ನು ಹುಡುಕಿ. 2005ರಿಂದ 2010ರ ನಡುವಿನ ಎಷ್ಟೋ ಮಾಡೆಲ್‌ಗಳಲ್ಲಿ ಇದು ಇರುತ್ತಿತ್ತು. ಬೆಂಗಳೂರಿನವರು ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಬಹುದು. ಬೇರೆ ಊರಿನವರು ಮೊದಲು ನೆಂಟರಿಷ್ಟರನ್ನು ಕೇಳಿ, ಯಾರ ಮನೆಯ ಅಟ್ಟದಲ್ಲಾದರೂ ಒಂದು ಬಿದ್ದಿರುತ್ತದೆ. ವಿಂಡೋಸ್ ಎಕ್ಸ್‌ಪಿ ಅಥವಾ 7 ಇದ್ದರೆ ಇನ್ನೂ ಒಳ್ಳೆಯದು, ಇಂಟರ್ನೆಟ್ ಜೋಡಿಸದೆ ಬರೀ ಕ್ಯಾಪ್ಚರ್‌ಗೆ ಬಳಸಿ.

ಮ್ಯಾಕ್ ಇರುವವರು ಥಂಡರ್‌ಬೋಲ್ಟ್ 3ರಿಂದ 2ಕ್ಕೆ ಒಂದು ಅಡಾಪ್ಟರ್, 2ರಿಂದ ಫೈರ್‌ವೈರ್ 800ಕ್ಕೆ ಇನ್ನೊಂದು, ಆಮೇಲೆ 9ರಿಂದ 4 ಪಿನ್ ಕೇಬಲ್, ಹೀಗೆ ಸರಪಳಿ ಕಟ್ಟಬೇಕು. ನೋಡಲು ವಿಚಿತ್ರ, ಆದರೆ ಕೆಲಸ ಮಾಡುತ್ತದೆ. ಮ್ಯಾಕ್‌ಓಎಸ್ 26ಕ್ಕೆ ಏರಿಸಿದ ಯಂತ್ರದಲ್ಲಿ ಮಾತ್ರ ಆಗುವುದಿಲ್ಲ. ಲಿನಕ್ಸ್ ಗೊತ್ತಿರುವವರಿಗೆ ಚಿಂತೆ ಕಡಿಮೆ. ಅಲ್ಲಿ ಫೈರ್‌ವೈರ್ ಇನ್ನೂ ಚೆನ್ನಾಗಿ ನಡೆಯುತ್ತಿದೆ, 2029ರವರೆಗೆ ನೋಡಿಕೊಳ್ಳುತ್ತೇನೆ ಅಂತ ಅದರ ಹೊಣೆ ಹೊತ್ತವರೇ ಹೇಳಿದ್ದಾರೆ. ಡಿವಿಗ್ರ್ಯಾಬ್ ಅನ್ನುವ ಪುಟ್ಟ ತಂತ್ರಾಂಶ ಸಾಕು.

ಹಾರ್ಡ್ ಡಿಸ್ಕ್ ಜಾಗ: ಒಂದು ಗಂಟೆಯ ಟೇಪ್ ಸುಮಾರು 13 ಜಿಬಿ. ಅಂದರೆ 1 ಟಿಬಿಯಲ್ಲಿ 75ರಷ್ಟು ಟೇಪ್. ಡ್ರೈವ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ. ಹಳೇ ಫ್ಯಾಟ್32 ಇದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, 20 ನಿಮಿಷದೊಳಗೆ ಕ್ಯಾಪ್ಚರ್ ನಿಂತುಹೋಗುತ್ತದೆ.

ಟೇಪ್ ಹಾಕುವ ಮುಂಚೆ

ಕ್ಯಾಸೆಟ್ಟಿನ ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಆಗದಿರಲಿ ಅಂತ.

ಕ್ಯಾಸೆಟ್ಟಿನ ಕಿಟಕಿಯಿಂದ ಟೇಪ್ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿಯಂತೆ, ಜೇಡರ ಬಲೆಯಂತೆ ಏನಾದರೂ ಇದ್ದರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ಮಾಮೂಲಿ, ಮಳೆಗಾಲದ ಥಂಡಿ ಕ್ಯಾಸೆಟ್ಟನ್ನೂ ಬಿಡುವುದಿಲ್ಲ. ಬೂಷ್ಟು ಹಿಡಿದ ಟೇಪನ್ನು ದಯವಿಟ್ಟು ಕ್ಯಾಮೆರಾಕ್ಕೆ ಹಾಕಬೇಡಿ. ಹೆಡ್ ಕೊಳೆಯಾಗುತ್ತದೆ, ಟೇಪ್ ಹರಿಯಬಹುದು, ಮುಂದೆ ಹಾಕುವ ಒಳ್ಳೆಯ ಟೇಪ್‌ಗೂ ಅದು ಅಂಟುತ್ತದೆ. ಅಂಥದ್ದನ್ನು ಬೇರೆ ಡಬ್ಬಿಯಲ್ಲಿಟ್ಟು, ಟೇಪ್ ಬಿಚ್ಚಿ ಶುಚಿ ಮಾಡಿ ಅನುಭವ ಇರುವವರಿಗೆ ಕೊಡಿ.

ಒಳ್ಳೆಯ ಟೇಪನ್ನು ಒಮ್ಮೆ ಕೊನೆಯವರೆಗೆ ಫಾಸ್ಟ್ ಫಾರ್ವರ್ಡ್ ಮಾಡಿ, ಮತ್ತೆ ಮೊದಲಿಗೆ ಸುತ್ತಿ. ಹದಿನೈದು ಇಪ್ಪತ್ತು ವರ್ಷ ಒಂದೇ ಕಡೆ ಕೂತ ಸುರುಳಿ ಸಡಿಲವಾಗಿ ಒಂದೇ ಬಿಗಿಗೆ ಬರುತ್ತದೆ. ಹೆಡ್ ಕ್ಲೀನಿಂಗ್ ಕ್ಯಾಸೆಟ್ ಇದ್ದರೆ ಶುರುವಿಗೆ ಒಮ್ಮೆ, ಹತ್ತು ಸೆಕೆಂಡು ಮಾತ್ರ. ಅದು ಸ್ವಲ್ಪ ಉಜ್ಜುವ ಟೇಪ್, ಪದೇ ಪದೇ ಹಾಕಿದರೆ ಹೆಡ್ ಸವೆಯುತ್ತದೆ.

ಕೇಬಲ್ ಜೋಡಿಸುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಇರಲಿ. ಚಾಲೂ ಇರುವಾಗ ಜೋಡಿಸಿದರೂ ನಡೆಯುತ್ತದೆ ಅನ್ನುವವರಿದ್ದಾರೆ. ಆದರೆ 6 ಪಿನ್ ಪೋರ್ಟಿನಲ್ಲಿ ವಿದ್ಯುತ್ ಇರುತ್ತದೆ, ಪ್ಲಗ್ಗನ್ನು ತಿರುವುಮುರುವಾಗಿ ಒತ್ತಿದರೆ ಕ್ಯಾಮೆರಾದ ಡಿವಿ ಪೋರ್ಟ್ ಸುಟ್ಟುಹೋಗುತ್ತದೆ. ಆ ಪೋರ್ಟ್ ಹೋದರೆ ನಿಮ್ಮ ಕೆಲಸವೇ ಮುಗಿಯಿತು. ಇಷ್ಟಕ್ಕೆ ಯಾಕೆ ಅವಸರ ಮಾಡಬೇಕು, ಅಲ್ವಾ?

ವಿಂಡೋಸ್‌ನಲ್ಲಿ ಇಳಿಸುವುದು

ಕಂಪ್ಯೂಟರ್ ಆನ್ ಮಾಡಿ. ಕ್ಯಾಮೆರಾವನ್ನು ಪ್ಲೇ ಮೋಡ್‌ಗೆ ತಿರುಗಿಸಿ ಆನ್ ಮಾಡಿ. ಸೋನಿಯಲ್ಲಿ ಅದಕ್ಕೆ ‘ಪ್ಲೇ/ಎಡಿಟ್’ ಅಥವಾ ‘ವಿಸಿಆರ್’ ಅಂತ ಇರುತ್ತದೆ. ವಿಂಡೋಸ್ ಕ್ಯಾಮೆರಾವನ್ನು ಗುರುತಿಸಿದರೆ ಸರಿ. ವಿಂಡೋಸ್ 10, 11ರಲ್ಲಿ ಗುರುತಿಸದಿದ್ದರೆ ಅಥವಾ ಗುರುತಿಸಿದರೂ ಚಿತ್ರ ಬರದಿದ್ದರೆ ಡ್ರೈವರ್ ಬದಲಿಸಬೇಕು. ವಿಂಡೋಸ್ 8ರ ಕಾಲದಲ್ಲಿ ಮೈಕ್ರೋಸಾಫ್ಟ್ ಪ್ರತ್ಯೇಕವಾಗಿ ಕೊಟ್ಟ 1394 ಲೆಗಸಿ ಡ್ರೈವರ್ ಹಾಕಿಕೊಳ್ಳಿ. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು 1394 ಕಂಟ್ರೋಲರ್ ಮೇಲೆ ರೈಟ್ ಕ್ಲಿಕ್ ಮಾಡಿ, ಅಪ್‌ಡೇಟ್ ಡ್ರೈವರ್‌ಗೆ ಹೋಗಿ, ಪಟ್ಟಿಯಿಂದ ನಾನೇ ಆರಿಸುತ್ತೇನೆ ಅನ್ನುವುದನ್ನು ಒತ್ತಿ. ಹೆಸರಿನ ಕೊನೆಯಲ್ಲಿ ‘ಲೆಗಸಿ’ ಅಂತ ಇರುವುದನ್ನು ಆರಿಸಿ ರೀಸ್ಟಾರ್ಟ್ ಮಾಡಿ. ಹೊಸ ವಿಂಡೋಸ್‌ನಲ್ಲಿ ‘ಫೈರ್‌ವೈರ್ ಬರುವುದಿಲ್ಲ’ ಅನ್ನುವ ಗೋಳಿಗೆ ಬಹಳ ಸಲ ಇದೇ ಮದ್ದು.

ಕ್ಯಾಪ್ಚರ್‌ಗೆ ನನ್ನ ಆಯ್ಕೆ ವಿನ್‌ಡಿವಿ. ಉಚಿತ, ಪುಟ್ಟದು, ಇನ್‌ಸ್ಟಾಲ್ ಕೂಡ ಬೇಡ. ನೋಡಲು ತೀರಾ ಸಪ್ಪೆ, ಆದರೆ ಬೇಕಾದ ಕೆಲಸವನ್ನಷ್ಟೇ ಮಾಡುತ್ತದೆ: ಟೇಪ್‌ನಲ್ಲಿರುವ ಡಿವಿ ಡೇಟಾವನ್ನು ಹಾಗೇ ಎವಿಐ ಫೈಲಿನೊಳಗೆ ಬರೆಯುತ್ತದೆ. ಸೀನಲೈಜರ್ ಲೈವ್ ಕೂಡ ಚೆನ್ನಾಗಿದೆ. ವಿಂಡೋಸ್ ಮೂವಿ ಮೇಕರ್ ಬಳಸುವುದಾದರೆ ‘ಡಿವಿ-ಎವಿಐ’ ಆಯ್ಕೆ ಮಾಡಲೇಬೇಕು, ಇಲ್ಲವಾದರೆ ಅದು ಡಬ್ಲ್ಯುಎಂವಿಗೆ ಇಳಿಸಿ ಚಿತ್ರವನ್ನು ಕೆಡಿಸುತ್ತದೆ.

ವಿನ್‌ಡಿವಿಯಲ್ಲಿ ಮೂರು ಸಂಗತಿ ನೋಡಿಕೊಳ್ಳಿ. ಎವಿಐ ಟೈಪ್ 2 ಇರಲಿ, ಎಡಿಟಿಂಗ್ ತಂತ್ರಾಂಶಗಳಿಗೆ ಅದೇ ಸಲೀಸು. ಡಿಸ್‌ಕಂಟಿನ್ಯುಯಿಟಿ ಅನ್ನುವ ಕಡೆ 1 ಸೆಕೆಂಡು ಕೊಟ್ಟರೆ, ಟೇಪ್‌ನಲ್ಲಿ ದಾಖಲಾದ ಸಮಯ ಹಾರಿದಲ್ಲೆಲ್ಲ ಹೊಸ ಫೈಲ್ ಶುರುವಾಗುತ್ತದೆ. ಅಂದರೆ ನೀವು ಅಂದು ರೆಕಾರ್ಡ್ ಒತ್ತಿ ನಿಲ್ಲಿಸಿದ ಒಂದೊಂದು ಶಾಟ್ ಒಂದೊಂದು ಫೈಲ್. ಇಡೀ ಟೇಪ್ ಒಂದೇ ಫೈಲ್ ಬೇಕಾದರೆ 0 ಕೊಡಿ. ಫೈಲ್ ಹೆಸರಿಗೆ ದಿನಾಂಕ, ಸಮಯ ತಾನೇ ಸೇರುವಂತೆಯೂ ಮಾಡಬಹುದು. ಇದು ನನಗೆ ತುಂಬಾ ಇಷ್ಟವಾದ ಅನುಕೂಲ, ಯಾಕೆಂದರೆ ಶಾಟ್ ತೆಗೆದ ದಿನ, ಗಂಟೆ, ನಿಮಿಷ ಡಿವಿ ಡೇಟಾದೊಳಗೇ ಇರುತ್ತದೆ. ‘ಇದು ದೊಡ್ಡವಳ ಮೊದಲ ಹುಟ್ಟುಹಬ್ಬವೋ ಎರಡನೆಯದೋ’ ಅನ್ನುವ ಮನೆಯ ಜಗಳ ಅಲ್ಲೇ ತೀರುತ್ತದೆ. ಅಂದು ಕ್ಯಾಮೆರಾದ ಗಡಿಯಾರ ಸರಿಯಾಗಿ ಇಟ್ಟಿದ್ದರೆ ಮಾತ್ರ ಅನ್ನಿ.

ಕ್ಯಾಪ್ಚರ್ ಒತ್ತಿ, ಕ್ಯಾಮೆರಾದಲ್ಲಿ ಪ್ಲೇ ಒತ್ತಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ. ಬೇಗ ಮಾಡುವ ಉಪಾಯ ಇಲ್ಲ. ಅಷ್ಟು ಹೊತ್ತು ಆ ಕಂಪ್ಯೂಟರಿನಲ್ಲಿ ಬೇರೇನೂ ಮಾಡಬೇಡಿ. ಸ್ಲೀಪ್, ಸ್ಕ್ರೀನ್‌ಸೇವರ್, ಆ್ಯಂಟಿವೈರಸ್ ಸ್ಕ್ಯಾನ್ ಎಲ್ಲಾ ನಿಲ್ಲಿಸಿ. ಪರದೆಯಲ್ಲಿ ‘ಡ್ರಾಪ್ಡ್’ ಅನ್ನುವ ಲೆಕ್ಕ ಸೊನ್ನೆಯಲ್ಲೇ ಇರಬೇಕು. ಏರುತ್ತಾ ಹೋದರೆ ಡಿಸ್ಕ್ ಹಿಂದೆ ಬೀಳುತ್ತಿದೆ ಎಂದರ್ಥ, ಒಳಗಿನ ಡ್ರೈವಿಗೆ ಇಳಿಸಿ ಆಮೇಲೆ ಹೊರಗಿನದಕ್ಕೆ ಕಾಪಿ ಮಾಡಿ.

ಈ ಹಂತದಲ್ಲಿ ಪ್ರಿವ್ಯೂ ಒತ್ತಿದ ಹಾಗೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಪ್ರಿವ್ಯೂ ಕಿಟಕಿ ವೈಡ್‌ಸ್ಕ್ರೀನ್ ಗುರುತನ್ನು ಲೆಕ್ಕಿಸದೇ ಇರಬಹುದು. ಫೈಲಿನೊಳಗೆ ಅದು ಬಂದೇ ಬರುತ್ತದೆ.

ಚಿತ್ರದಲ್ಲಿ ಚೌಕ ಚೌಕವಾಗಿ ಒಡೆದ ಕಡೆಗಳು ಬಂದರೆ ಎರಡು ಕಾರಣ. ಅಲ್ಲೊಂದು ಇಲ್ಲೊಂದು ಆದರೆ ಟೇಪಿನ ಸವಕಳಿ. ಅಡ್ಡಡ್ಡ ಪಟ್ಟಿಗಳಾಗಿ ಇಡೀ ಚಿತ್ರ ಒಡೆದಿದ್ದರೆ ಎರಡು ಹೆಡ್‌ಗಳಲ್ಲಿ ಒಂದು ಕೊಳೆಯಿಂದ ಮುಚ್ಚಿಕೊಂಡಿದೆ, ನಿಲ್ಲಿಸಿ ಶುಚಿ ಮಾಡಿ. ಸವೆದ ಟೇಪನ್ನು ಎರಡು ಮೂರು ಸಲ ಓಡಿಸಿ ಇಳಿಸಿಕೊಳ್ಳಿ, ಪ್ರತಿ ಸಲವೂ ದೋಷ ಒಂದೇ ಜಾಗದಲ್ಲಿ ಬರುವುದಿಲ್ಲ. ಡಿವಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶ ಹೀಗೆ ಇಳಿಸಿದ ಹಲವು ಪ್ರತಿಗಳಿಂದ ಒಳ್ಳೆಯ ಭಾಗಗಳನ್ನು ಆರಿಸಿ ಒಂದೇ ಫೈಲ್ ಮಾಡಿಕೊಡುತ್ತದೆ. ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಆದರೆ ತೀರಿಹೋದ ಅಜ್ಜಿಯ ದನಿ ಇರುವ ಒಂದೇ ಟೇಪ್ ಅದಾಗಿದ್ದರೆ ಅಷ್ಟು ಮಾಡಬಹುದು.

ಧ್ವನಿಯಲ್ಲೂ ಒಂದು ಕಿರಿಕಿರಿ ಇದೆ. ಕ್ಯಾಮೆರಾದಲ್ಲಿ 12 ಬಿಟ್, 16 ಬಿಟ್ ಅಂತ ಎರಡು ಆಡಿಯೋ ಮೋಡ್ ಇರುತ್ತವೆ, ಮೊದಲನೆಯದು 32 ಕಿಲೋಹರ್ಟ್ಸ್, ಎರಡನೆಯದು 48. ಒಂದೇ ಟೇಪಿನಲ್ಲಿ ಎರಡೂ ಬೆರೆತಿದ್ದರೆ ಒಂದೇ ಫೈಲಾಗಿ ಇಳಿಸಿದಾಗ ಅರ್ಧದಿಂದ ಮುಂದೆ ತುಟಿಗೂ ಮಾತಿಗೂ ತಾಳ ತಪ್ಪಬಹುದು. ಬದಲಾದ ಜಾಗದಿಂದ ಬೇರೆ ಫೈಲ್ ಶುರು ಮಾಡಿದರೆ ಸರಿಹೋಗುತ್ತದೆ.

ಎಲ್ಲರೂ ಸಣಕಲಾಗಿ ಕಾಣುತ್ತಾರಲ್ಲ, ಅದಕ್ಕೇನು ಮಾಡುವುದು

ಇಳಿಸಿದ ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಅಗಲವಾಗಿ ಕಂಡರೆ ಗುರುತು ಸರಿ ಇದೆ. ಒತ್ತಿದ ಹಾಗೆ ಕಂಡರೆ ವಿಡಿಯೋ ಮೆನುವಿನಲ್ಲಿ ಆ್ಯಸ್ಪೆಕ್ಟ್ ರೇಷಿಯೋ 16:9 ಮಾಡಿ. ಗಡಿಯಾರ ದುಂಡಗಾಯಿತಾ? ಹಾಗಾದರೆ ಫೈಲಿಗೆ ಏನೂ ಆಗಿಲ್ಲ, ಗುರುತು ಮಾತ್ರ ಇಲ್ಲ ಅಥವಾ ಪ್ಲೇಯರ್ ಓದುತ್ತಿಲ್ಲ.

ಎಡಿಟ್ ಮಾಡುವವರು ಪ್ರಾಜೆಕ್ಟ್ ಶುರು ಮಾಡುವಾಗಲೇ ‘ಡಿವಿ ಪಾಲ್ ವೈಡ್‌ಸ್ಕ್ರೀನ್’ ಆರಿಸಬೇಕು. ಸ್ಟ್ಯಾಂಡರ್ಡ್ ಆರಿಸಿ ಅದರೊಳಗೆ ವೈಡ್ ಕ್ಲಿಪ್ ಹಾಕಿದರೆ ತಂತ್ರಾಂಶ ಮೇಲೆ ಕೆಳಗೆ ಕಪ್ಪು ಪಟ್ಟಿ ತುಂಬಿ ಚಿತ್ರವನ್ನು ಕುಗ್ಗಿಸುತ್ತದೆ. ಆಮೇಲೆ ಅದನ್ನು ಅಗಲದ ಟಿವಿಯಲ್ಲಿ ಹಾಕಿದರೆ ನಾಲ್ಕೂ ಕಡೆ ಕಪ್ಪು, ನಡುವೆ ಅಂಚೆಚೀಟಿಯಷ್ಟು ಮದುವೆ. ಕ್ಲಿಪ್ ಒಂದನ್ನೇ ತಂತ್ರಾಂಶ 4:3 ಅಂದುಕೊಂಡಿದ್ದರೆ, ಕ್ಲಿಪ್‌ನ ಪ್ರಾಪರ್ಟೀಸ್‌ಗೆ ಹೋಗಿ ಪಿಕ್ಸೆಲ್ ಆ್ಯಸ್ಪೆಕ್ಟ್ ಅನ್ನುವುದನ್ನು ಪಾಲ್ 16:9 ಮಾಡಿ. ಕೈಯಿಂದ ಎಳೆದು ಅಂದಾಜಿನಲ್ಲಿ ಅಗಲ ಮಾಡಬೇಡಿ.

ಲೆಕ್ಕ ಇಷ್ಟೇ. 720ನ್ನು 64ರಿಂದ ಗುಣಿಸಿ 45ರಿಂದ ಭಾಗಿಸಿದರೆ 1024. ಹಾಗಾಗಿ ಒತ್ತಿದ ಪಾಲ್ ಚಿತ್ರ ಬಿಚ್ಚಿದಾಗ 1024×576. ಕೆಲವು ತಂತ್ರಾಂಶಗಳು 1050 ಅಂತ ತೋರಿಸುತ್ತವೆ, ಅಂಚಿನ ಕೆಲವು ಪಿಕ್ಸೆಲ್‌ಗಳನ್ನು ಎಣಿಸುವ ರೀತಿ ಬೇರೆ ಅಷ್ಟೇ, ಕಣ್ಣಿಗೆ ಗೊತ್ತಾಗುವುದಿಲ್ಲ. ಸಿನೆಮಾ ಮೋಡ್‌ನ ಟೇಪ್ ಆದರೆ ಮೇಲೆ 72, ಕೆಳಗೆ 72 ಸಾಲು ಕತ್ತರಿಸಿ, ಉಳಿದಿದ್ದನ್ನು 768×432 ಮಾಡಿ.

ಮನೆಯವರಿಗೆ ಹಂಚಲು ಎಂಪಿ4 ಬೇಕಲ್ಲ, ಅದಕ್ಕೆ ಹ್ಯಾಂಡ್‌ಬ್ರೇಕ್ ಸಾಕು. ಎಚ್.264 ಆರಿಸಿ, ಕ್ವಾಲಿಟಿ ಆರ್‌ಎಫ್ 18ರಿಂದ 20ರ ನಡುವೆ ಇಡಿ. ಚಿತ್ರವನ್ನು ಒತ್ತಿದ ಹಾಗೇ ಇಡುವ ಅನಾಮಾರ್ಫಿಕ್ ಅನ್ನುವುದನ್ನು ಆಫ್ ಮಾಡಿ 1024×576 ಕೊಡಿ. ಆಗ ಗುರುತು ಓದದ ಫೋನ್, ಟಿವಿಗಳಲ್ಲೂ ಚಿತ್ರ ಸರಿಯಾಗಿ ಕಾಣುತ್ತದೆ. ಆಟೋ ಕ್ರಾಪ್ ಬೇಡ ಅನ್ನಿ, ಕತ್ತಲೆ ಇರುವ ಶಾಟ್‌ಗಳಲ್ಲಿ ಅದು ಚಿತ್ರವನ್ನೇ ಅಂಚು ಅಂದುಕೊಂಡು ಕತ್ತರಿಸುವುದುಂಟು.

ಡಿಇಂಟರ್ಲೇಸ್ ಮಾಡುವುದನ್ನು ಮರೆಯಬೇಡಿ. ಡಿವಿಯ ಪ್ರತಿ ಫ್ರೇಮ್‌ನಲ್ಲಿ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರದಲ್ಲಿ ತೆಗೆದ ಎರಡು ಅರ್ಧ ಚಿತ್ರಗಳು ಸಾಲು ಬಿಟ್ಟು ಸಾಲು ಹೆಣೆದುಕೊಂಡಿರುತ್ತವೆ. ಹಾಗಾಗಿ ಯಾರಾದರೂ ಕೈ ಬೀಸಿದರೆ ಕಂಪ್ಯೂಟರಿನಲ್ಲಿ ಅಂಚೆಲ್ಲ ಗೆರೆ ಗೆರೆಯಾಗಿ ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಬಿಡಬ್ಲ್ಯುಡಿಐಎಫ್ ಅಥವಾ ಯಾಡಿಫ್ ಆರಿಸಿ, ಪ್ರಿಸೆಟ್ ‘ಬಾಬ್’ ಇಡಿ, ಫ್ರೇಮ್ ರೇಟ್ 50 ಮಾಡಿ. ಕುಣಿತ, ಮಕ್ಕಳ ಓಟ ಎಲ್ಲಾ ಟೇಪ್‌ನಲ್ಲಿದ್ದಷ್ಟೇ ನಯವಾಗಿ ಬರುತ್ತದೆ. ಮೂಲ ಡಿವಿ ಫೈಲಿಗೆ ಇದು ಯಾವುದನ್ನೂ ಮಾಡಬೇಡಿ.

ಟೇಪ್ ಎಚ್‌ಡಿವಿ ಆಗಿದ್ದರೆ

2004ರ ಆಸುಪಾಸಿನಿಂದ ಅದೇ ಮಿನಿಡಿವಿ ಕ್ಯಾಸೆಟ್ಟಿನಲ್ಲಿ ಎಚ್‌ಡಿ ಬರೆಯುವ ಕ್ಯಾಮೆರಾಗಳು ಬಂದವು. ಸೋನಿ ಎಚ್‌ಡಿಆರ್-ಎಫ್‌ಎಕ್ಸ್1, ಎಚ್‌ಸಿ1, ಎಚ್‌ಸಿ3, ಕ್ಯಾನನ್ ಎಚ್‌ವಿ20 ಇಂಥವು. ಎಚ್‌ಡಿವಿ ಯಾವಾಗಲೂ 16:9. ಈ ಕ್ಯಾಮೆರಾಗಳಲ್ಲೂ ಒತ್ತಿದ ಚಿತ್ರವೇ, 1440×1080 ಬರೆದು 1920×1080 ತೋರಿಸುತ್ತದೆ. ವಿನ್‌ಡಿವಿ ಇದಕ್ಕೆ ಆಗುವುದಿಲ್ಲ, ಎಚ್‌ಡಿವಿಸ್ಪ್ಲಿಟ್ ಬಳಸಿ. ಕ್ಯಾಮೆರಾ ಮೆನುವಿನಲ್ಲಿ ‘ಐ.ಲಿಂಕ್ ಕಾನ್ವ್’ ಆಫ್ ಇರಬೇಕು. ಆನ್ ಇದ್ದರೆ ಕ್ಯಾಮೆರಾ ಎಚ್‌ಡಿಯನ್ನು ಸಾದಾ ಡಿವಿಗೆ ಇಳಿಸಿ ಕಳುಹಿಸುತ್ತದೆ. ನೀವು ಎಚ್‌ಡಿ ಬಂತು ಅಂದುಕೊಂಡು ಟೇಪ್ ಎತ್ತಿಟ್ಟುಬಿಡುತ್ತೀರಿ. ಇಳಿದ ಫೈಲ್ 1440×1080 ಇದೆಯಾ ಅಂತ ಮೊದಲ ಟೇಪಿನಲ್ಲೇ ನೋಡಿ. ಎಚ್‌ಡಿವಿಯಲ್ಲಿ ಟೇಪಿನ ಒಂದು ಸಣ್ಣ ಕಲೆ ಕೂಡ ಅರ್ಧ ಸೆಕೆಂಡು ನುಂಗುತ್ತದೆ, ಯಾಕೆಂದರೆ 12 ಫ್ರೇಮ್‌ಗಳನ್ನು ಒಟ್ಟಿಗೆ ಒಂದನ್ನೊಂದು ಆಧರಿಸಿ ಬರೆದಿರುತ್ತಾರೆ. ಹೆಡ್ ಶುಚಿ ಇಲ್ಲಿ ಇನ್ನೂ ಮುಖ್ಯ.

ಫೈರ್‌ವೈರ್ ಏನು ಮಾಡಿದರೂ ಸಿಗದಿದ್ದರೆ

ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್ ಮತ್ತು ಸಣ್ಣ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ ಉಳಿದ ದಾರಿ. ಕ್ಯಾಮೆರಾದಲ್ಲಿ ಎಸ್-ವಿಡಿಯೋ ಇದ್ದರೆ ಹಳದಿಗಿಂತ ಅದು ವಾಸಿ. ಬಣ್ಣ, ಚೂಪು ಎರಡೂ ಕಡಿಮೆಯಾಗುತ್ತದೆ, ದಿನಾಂಕದ ಡೇಟಾ ಬರುವುದಿಲ್ಲ. ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ಮೇಲು.

ವೈಡ್‌ಸ್ಕ್ರೀನ್ ಟೇಪಿಗೆ ಇಲ್ಲಿ ಒಂದು ಬಲೆ ಇದೆ. ಕ್ಯಾಮೆರಾದ ಮೆನುವಿನಲ್ಲಿ ‘ಟಿವಿ ಟೈಪ್’ ಅನ್ನುವುದು 4:3 ಅಂತ ಇದ್ದರೆ, ಅಗಲದ ಚಿತ್ರವನ್ನು ಅದೇ ಕುಗ್ಗಿಸಿ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಹೊರಗೆ ಕಳುಹಿಸುತ್ತದೆ. 576 ಸಾಲಿನಲ್ಲಿ 432 ಮಾತ್ರ ನಿಮಗೆ ಸಿಗುತ್ತದೆ. ಅದನ್ನು 16:9 ಮಾಡಿ. ಆಗ ಒತ್ತಿದ ಪೂರ್ತಿ ಚಿತ್ರ ಬರುತ್ತದೆ, 720×576ರಲ್ಲಿ ಕ್ಯಾಪ್ಚರ್ ಮಾಡಿ ಆಮೇಲೆ ಬಿಚ್ಚಿಕೊಳ್ಳಿ. ಫೈರ್‌ವೈರ್‌ಗೆ ಈ ಸೆಟ್ಟಿಂಗ್ ಲೆಕ್ಕಕ್ಕಿಲ್ಲ. ಪರದೆಯ ಮೇಲೆ ಬ್ಯಾಟರಿ, ಟೈಮ್‌ಕೋಡ್ ಅಕ್ಷರಗಳು ಬರದಂತೆ ‘ಡಿಸ್‌ಪ್ಲೇ ಔಟ್’ ಕೂಡ ಎಲ್‌ಸಿಡಿಗೆ ಮಾತ್ರ ಅಂತ ಇಡಿ.

ಸ್ಟುಡಿಯೋಗೆ ಕೊಡುವುದಾದರೆ ಬಾಯಿಬಿಟ್ಟು ಕೇಳಿ: ಫೈರ್‌ವೈರ್‌ನಲ್ಲಿ ಇಳಿಸುತ್ತೀರಾ, ಡಿವಿ ಎವಿಐ ಫೈಲ್ ಕೊಡುತ್ತೀರಾ? ‘ಡಿವಿಡಿ ಮಾಡಿಕೊಡ್ತೀವಿ ಸಾರ್’ ಅಂದರೆ ಅದು ಕುಗ್ಗಿಸಿದ ಪ್ರತಿ. ನಿಮ್ಮ ಹಾರ್ಡ್ ಡಿಸ್ಕ್ ನೀವೇ ಒಯ್ದು ಕೊಡಿ. ವೈಡ್‌ಸ್ಕ್ರೀನ್ ಟೇಪ್ ಅಂತ ಚೀಟಿಯಲ್ಲಿ ಬರೆದು ಅಂಟಿಸಿ.

ಅಮೆರಿಕದಲ್ಲಿರುವ ಅಕ್ಕ, ಚಿಕ್ಕಪ್ಪ ಕಳುಹಿಸಿದ ಟೇಪ್‌ಗಳಿದ್ದರೆ ಅವು ಎನ್‌ಟಿಎಸ್‌ಸಿ, ಅಂದರೆ ಅಲ್ಲಿನ ಟಿವಿ ಪದ್ಧತಿಯವು. ನಮ್ಮ ಪಾಲ್ ಹ್ಯಾಂಡಿಕ್ಯಾಮ್‌ಗಳು ಸಾಮಾನ್ಯವಾಗಿ ಅದನ್ನು ಸರಿಯಾಗಿ ಓಡಿಸುವುದಿಲ್ಲ. ಅಲ್ಲಿನ ಕ್ಯಾಮೆರಾವೇ ಬೇಕು, ಇಲ್ಲವೇ ಅವರಿಗೇ ಇಳಿಸಿ ಕಳುಹಿಸಲು ಹೇಳಿ. ಅದು 720×480, ಬಿಚ್ಚಿದರೆ ಸುಮಾರು 854×480.

ಟೇಪಲ್ಲದೆ ಹಾರ್ಡ್ ಡಿಸ್ಕ್ ಅಥವಾ ಕಾರ್ಡಿನಲ್ಲಿ ಬರೆಯುವ ಹ್ಯಾಂಡಿಕ್ಯಾಮ್ ಆದರೆ ಕೆಲಸ ಸುಲಭ, ಯುಎಸ್‌ಬಿ ಸಾಕು. ಆದರೆ ಬರೀ ವಿಡಿಯೋ ಫೈಲ್ ಅಲ್ಲ, ಇಡೀ ಫೋಲ್ಡರ್ ಕಾಪಿ ಮಾಡಿ. ಜೆವಿಸಿ ಎವೆರಿಯೋ ತರಹದ ಕ್ಯಾಮೆರಾಗಳು ‘ಎಂಒಡಿ’ ಫೈಲಿನ ಪಕ್ಕದಲ್ಲಿ ‘ಎಂಒಐ’ ಅನ್ನುವ ಪುಟ್ಟ ಫೈಲ್ ಇಡುತ್ತವೆ, 16:9 ಅನ್ನುವ ಮಾಹಿತಿ ಅದರಲ್ಲಿರುತ್ತದೆ. ಕಸ ಅಂತ ಅದನ್ನು ಅಳಿಸಿದರೆ ಮತ್ತೆ ಎಲ್ಲರೂ ಸಣಕಲು.

ಇಳಿಸಿದ ಮೇಲೆ ಪ್ರತಿ ಫೈಲಿನ ಶುರು, ನಡು, ಕೊನೆ ತೆರೆದು ಧ್ವನಿ ಸಮೇತ ನೋಡಿ. ಮೂಲ ಡಿವಿ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಟೇಪ್‌ಗಳನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮೇಲೆ ‘ಇಳಿಸಿದೆ, 16:9’ ಅಂತ ಮಾರ್ಕರಿನಲ್ಲಿ ಬರೆಯಿರಿ.